ದಮ್ಮು ಬರುವ ಮುಂಚೆ ಊದಿಸಿ ನೋಡಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ನಮಸ್ಕಾರ.

ಈ ಪತ್ರದಲ್ಲಿ ನಾನು ಕೇಳುತ್ತಿರುವುದು ಒಂದೇ ವಿಷಯ. ಬೀಡಿ, ಸಿಗರೇಟು ಸೇದುವ, 40 ವರ್ಷ ದಾಟಿದ ಪ್ರತಿಯೊಬ್ಬರಿಗೂ ಅವರ ತಾಲೂಕು ಆಸ್ಪತ್ರೆಯಲ್ಲೇ ಉಸಿರು ಊದಿಸಿ ನೋಡುವ ಏರ್ಪಾಡು ಮಾಡಿ. ಊದಿದ ಮೇಲೆ ಬಂದ ಲೆಕ್ಕವನ್ನು ಅವರಿಗೆ ಅರ್ಥವಾಗುವ ಹಾಗೆ ಕನ್ನಡದಲ್ಲಿ ಹೇಳಿ. ಅದೇ ದಿನ, ಅದೇ ಕೋಣೆಯಲ್ಲಿ, ಚಟ ಬಿಡಲು ಬೇಕಾದ ಸಹಾಯವನ್ನೂ ಶುರು ಮಾಡಿ.

ನಾನು ಸರ್ಕಾರಿ ಆಸ್ಪತ್ರೆಯೊಂದರ ಎದೆರೋಗ ವಿಭಾಗದಲ್ಲಿ ತಂತ್ರಜ್ಞೆ. ಉಸಿರು ಅಳೆಯುವ ಸ್ಪೈರೋಮೀಟರ್ ಯಂತ್ರದ ಮುಂದೆ ಜನರನ್ನು ಕೂರಿಸಿ ಊದಿಸುವುದು ನನ್ನ ಕೆಲಸ. ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ಕೊಳವೆ ಕೊಟ್ಟು, "ಪೂರ್ತಿ ಉಸಿರು ತಗೊಳ್ಳಿ, ಈಗ ಜೋರಾಗಿ ಊದಿ, ಊದ್ತಾ ಇರಿ, ಇನ್ನೂ, ಇನ್ನೂ, ನಿಲ್ಲಿಸ್ಬೇಡಿ" ಅಂತ ದಿನವಿಡೀ ಹೇಳುತ್ತಿರುತ್ತೇನೆ.

ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ತಡವಾಗಿ ಬಂದವರು. ಹಮಾಲಿ ಮಾಡುವವರು, ಗಾರೆ ಕೆಲಸದವರು, ಲಾರಿ ಓಡಿಸುವವರು, ಹೊಲದಲ್ಲಿ ದುಡಿಯುವವರು. ವಯಸ್ಸು 55, 60. ಮೀಸೆ ಚಿಗುರುವ ಹೊತ್ತಿಗೇ ಬೀಡಿ ಹಿಡಿದವರು. ಯಾವಾಗಿನಿಂದ ದಮ್ಮು ಅಂತ ಕೇಳಿದರೆ "ಈ ಚಳಿಗಾಲದಿಂದ ಮೇಡಂ" ಅನ್ನುತ್ತಾರೆ. ಊದಿಸಿದರೆ, ಅವರ ವಯಸ್ಸಿಗೂ ಎತ್ತರಕ್ಕೂ ಇರಬೇಕಾದ ಉಸಿರಿನಲ್ಲಿ ಅರ್ಧವೂ ಇರುವುದಿಲ್ಲ. ಅರ್ಧ ಉಸಿರು ಒಂದು ಚಳಿಗಾಲದಲ್ಲಿ ಹೋಗುವುದಿಲ್ಲ. ಇಪ್ಪತ್ತೈದು ಮೂವತ್ತು ವರ್ಷ ಸದ್ದಿಲ್ಲದೆ ಹೋಗುತ್ತಾ ಬಂದಿರುತ್ತದೆ. ಅಷ್ಟು ವರ್ಷಗಳಲ್ಲಿ ಅವರು ಜ್ವರಕ್ಕೆ, ಬೆನ್ನುನೋವಿಗೆ, ಸಕ್ಕರೆ ಪರೀಕ್ಷೆಗೆ ಅಂತ ಎಷ್ಟೋ ಸಲ ಆಸ್ಪತ್ರೆಗೆ ಬಂದಿದ್ದಾರೆ. ಬಿಪಿ ನೋಡಿದ್ದಾರೆ, ರಕ್ತ ತೆಗೆದಿದ್ದಾರೆ, ಎಕ್ಸ್‌ರೇ ಕೂಡ ತೆಗೆದಿದ್ದಾರೆ. ಯಾರೂ ಒಂದು ಸಲ ಊದಿಸಿಲ್ಲ.

ಎಕ್ಸ್‌ರೇ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಎದೆಯ ಎಕ್ಸ್‌ರೇ ಕ್ಷಯ ಹುಡುಕಲು, ನ್ಯುಮೋನಿಯಾ ಹುಡುಕಲು ಬೇಕೇ ಬೇಕು. ಆದರೆ ಬೀಡಿಯಿಂದ ಉಸಿರು ಎಷ್ಟು ಕಡಿಮೆಯಾಗಿದೆ ಅನ್ನುವುದು ಅದರಲ್ಲಿ ಕಾಣಿಸುವುದಿಲ್ಲ. ಕಾಣಿಸುವ ಹೊತ್ತಿಗೆ ಬಹಳ ಮುಂದೆ ಹೋಗಿರುತ್ತದೆ. ಜನ "ಎಕ್ಸ್‌ರೇ ನಾರ್ಮಲ್" ಅನ್ನುವ ಚೀಟಿ ಹಿಡಿದು ಮನೆಗೆ ಹೋಗಿ, ನೆಮ್ಮದಿಯಾಗಿ ಮತ್ತೆ ಬೀಡಿ ಹಚ್ಚುತ್ತಾರೆ. ಈ ಸುಳ್ಳು ನೆಮ್ಮದಿ ಎಷ್ಟು ಜನರ ಉಸಿರು ತಿಂದಿದೆಯೋ.

ಇಷ್ಟು ವರ್ಷ ಗೊತ್ತಾಗದೆ ಇರುವುದು ಹೇಗೆ ಅಂತ ಕುಟುಂಬದವರು ಕೇಳುತ್ತಾರೆ. ನಿಮಗೆ ಇಲಾಖೆಯ ವೈದ್ಯರು ಹೇಳಿರುತ್ತಾರೆ. ಆದರೂ ಈ ಪತ್ರ ಓದುವ ಸೇದುವವರಿಗಾಗಿ, ಅವರ ಮನೆಯವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಗಾಳಿ ಕೊಳವೆ ಎದೆಯೊಳಗೆ ಎರಡಾಗುತ್ತದೆ. ಆ ಎರಡು ನಾಲ್ಕಾಗುತ್ತವೆ. ಹೀಗೆ ಇಪ್ಪತ್ತಕ್ಕೂ ಹೆಚ್ಚು ಸಲ ಕವಲೊಡೆದು, ಕೊನೆಗೆ 30 ಕೋಟಿಗೂ ಹೆಚ್ಚು ಪುಟ್ಟ ಗಾಳಿಚೀಲಗಳಲ್ಲಿ ಮುಗಿಯುತ್ತದೆ. ದೊಡ್ಡ ಕೊಳವೆಗಳ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಧೂಳು, ಕಫ ಎಲ್ಲವನ್ನೂ ಮೇಲಕ್ಕೆ ತಳ್ಳುವುದು ಅವುಗಳ ಕೆಲಸ. ಹೊಗೆ ಬಿದ್ದ ಕೂಡಲೇ ಅವು ಮಂಕಾಗುತ್ತವೆ. ದಿನಾ ಹೊಗೆ ಬಿದ್ದರೆ ಉದುರುತ್ತವೆ. ಜೊತೆಗೆ ಕಫ ಮಾಡುವ ಗ್ರಂಥಿಗಳು ದಪ್ಪವಾಗುತ್ತವೆ. ತಳ್ಳುವವರಿಲ್ಲ, ಕಫ ಮಾತ್ರ ಜಾಸ್ತಿ. ಬೆಳಿಗ್ಗೆ ಎದ್ದ ಕೂಡಲೇ ಬರುವ ಆ ಕೆಮ್ಮು ಇದೇ. ನಮ್ಮಲ್ಲಿ ಅದನ್ನು ಯಾರೂ ಕಾಯಿಲೆ ಅಂದುಕೊಳ್ಳುವುದಿಲ್ಲ. "ಅದು ಬೀಡಿ ಕೆಮ್ಮು ಬಿಡಿ" ಅನ್ನುತ್ತಾರೆ.

ನಿಜವಾದ ಹಾನಿ ಇನ್ನೂ ಒಳಗೆ, 2 ಮಿಲಿಮೀಟರಿಗಿಂತ ಸಣ್ಣ ಕೊಳವೆಗಳಲ್ಲಿ ಶುರುವಾಗುತ್ತದೆ. ಈ ಸಣ್ಣ ಕೊಳವೆಗಳು ಎಷ್ಟೊಂದಿವೆ ಅಂದರೆ, ಅವುಗಳಲ್ಲಿ ಬಹಳಷ್ಟು ಊದಿಕೊಂಡು ಕಟ್ಟಿಕೊಂಡರೂ ಉಳಿದವು ಕೆಲಸ ಸಾಗಿಸುತ್ತವೆ. ಮನುಷ್ಯನಿಗೆ ಏನೂ ಅನಿಸುವುದಿಲ್ಲ. ಎದೆರೋಗ ತಜ್ಞರು ಈ ಭಾಗವನ್ನು ಶ್ವಾಸಕೋಶದ ಮೌನ ವಲಯ ಅನ್ನುತ್ತಾರೆ. ಮೆಟ್ಟಿಲು ಹತ್ತುವಾಗ ಏದುಸಿರು ಬರುವಷ್ಟು ಹೊತ್ತಿಗೆ ಮೌನ ವಲಯದ ಕಥೆ ಮುಗಿದಿರುತ್ತದೆ.

ಗಾಳಿಚೀಲಗಳ ಗತಿಯೂ ಅಷ್ಟೇ. ಹೊಗೆಯ ಜೊತೆ ಹೋರಾಡಲು ಬಂದ ಬಿಳಿ ರಕ್ತಕಣಗಳು ಬಿಡುವ ಒಂದು ಕಿಣ್ವ ಚೀಲಗಳ ಗೋಡೆಯ ಹಿಗ್ಗುವ ನಾರನ್ನೇ ಕರಗಿಸುತ್ತದೆ. ಅದನ್ನು ತಡೆಯಲು ದೇಹದಲ್ಲಿ ಒಂದು ಪ್ರೊಟೀನು ಇದೆ. ಹೊಗೆ ಅದನ್ನೂ ಕೆಡಿಸುತ್ತದೆ. ಗೋಡೆ ಒಡೆದು ನಾಲ್ಕಾರು ಚೀಲ ಸೇರಿ ಒಂದು ಜೋಲು ಚೀಲವಾಗುತ್ತದೆ. ಹಳೆಯ ರಬ್ಬರ್ ಬ್ಯಾಂಡ್ ಎಳೆದರೆ ವಾಪಸ್ ಬರುವುದಿಲ್ಲವಲ್ಲ, ಹಾಗೆ ಎಳೆದುಕೊಂಡ ಗಾಳಿಯನ್ನು ಹೊರಗೆ ದೂಡುವ ಬಿಗಿ ಹೋಗಿಬಿಡುತ್ತದೆ. ದಮ್ಮಿನವರ ಕಷ್ಟ ಉಸಿರು ಎಳೆದುಕೊಳ್ಳುವುದರಲ್ಲಿ ಇದೆ ಅಂತ ಎಲ್ಲರೂ ತಿಳಿದಿದ್ದಾರೆ. ಅವರ ನಿಜವಾದ ಕಷ್ಟ ಉಸಿರು ಬಿಡುವುದರಲ್ಲಿ. ಹಳೆಯ ಗಾಳಿ ಹೊರಗೆ ಹೋಗದೆ ಒಳಗೇ ಸಿಕ್ಕಿಕೊಂಡಿದೆ. ಹೊಸ ಗಾಳಿಗೆ ಜಾಗ ಇಲ್ಲ. ಹೀಗೆ ಒಡೆದ ಚೀಲವನ್ನು ಮತ್ತೆ ಕಟ್ಟುವ ಔಷಧಿ ಇವತ್ತಿಗೂ ಇಲ್ಲ.

ಊದಿಸಿ ನೋಡುವುದರ ಮಹತ್ವ ಇಲ್ಲಿದೆ. ಆರೋಗ್ಯವಂತರು ಪೂರ್ತಿ ಉಸಿರು ಎಳೆದು ಜೋರಾಗಿ ಊದಿದರೆ, ಒಟ್ಟು ಗಾಳಿಯಲ್ಲಿ ಮುಕ್ಕಾಲು ಪಾಲಿನಷ್ಟು ಮೊದಲ ಒಂದೇ ಸೆಕೆಂಡಿನಲ್ಲಿ ಹೊರಗೆ ಬರುತ್ತದೆ. ಆ ಮೊದಲ ಸೆಕೆಂಡಿನ ಗಾಳಿಯನ್ನು ನಾವು ಎಫ್‌ಇವಿ1 ಅನ್ನುತ್ತೇವೆ. ಕೊಳವೆ ಸಣ್ಣದಾದವರಿಗೆ, ಬಿಗಿ ಹೋದವರಿಗೆ ಅಷ್ಟು ಬೇಗ ಹೊರಗೆ ಹಾಕಲು ಆಗುವುದಿಲ್ಲ. ಕೊಳವೆ ಹಿಗ್ಗಿಸುವ ಪಂಪ್ (ಇನ್‌ಹೇಲರ್) ಕೊಟ್ಟು, ಕಾಲು ಗಂಟೆ ಬಿಟ್ಟು, ಮತ್ತೆ ಊದಿಸಿದಾಗಲೂ ಒಟ್ಟು ಗಾಳಿಯ ನೂರಕ್ಕೆ 70ಕ್ಕಿಂತ ಕಡಿಮೆ ಮೊದಲ ಸೆಕೆಂಡಿನಲ್ಲಿ ಬಂದರೆ, ಸಿಒಪಿಡಿ, ಅಂದರೆ ಗಾಳಿ ಕೊಳವೆಗಳು ಮತ್ತೆ ಪೂರ್ತಿ ಸರಿಯಾಗದ ಹಾಗೆ ಕಿರಿದಾಗುವ ಕಾಯಿಲೆ ಅಂತ ವೈದ್ಯರು ತೀರ್ಮಾನಿಸುತ್ತಾರೆ. ಇದು ಹೊಸ ತಂತ್ರಜ್ಞಾನ ಏನಲ್ಲ. ಲಂಡನ್ನಿನ ವೈದ್ಯ ಜಾನ್ ಹಚಿನ್ಸನ್ 1846ರಲ್ಲೇ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ತಾನು ಮಾಡಿದ ಸ್ಪೈರೋಮೀಟರಿನಲ್ಲಿ ಊದಿಸಿ, ಎತ್ತರಕ್ಕೆ ತಕ್ಕ ಉಸಿರಿನ ಲೆಕ್ಕ ಬರೆದಿಟ್ಟಿದ್ದ. ಬಿಪಿ ಪಟ್ಟಿ ಹುಟ್ಟುವುದಕ್ಕೂ ಮುಂಚಿನ ಮಾತು ಇದು. ಬಿಪಿ ಪಟ್ಟಿ ಇವತ್ತು ಆರೋಗ್ಯ ಸಿಬ್ಬಂದಿಯ ಮೂಲಕ ಮನೆ ಬಾಗಿಲಿಗೆ ಬರುತ್ತಿದೆ. ಸ್ಪೈರೋಮೀಟರ್ ಮಾತ್ರ ಇನ್ನೂ ದೊಡ್ಡಾಸ್ಪತ್ರೆ ಬಿಟ್ಟು ಹೆಚ್ಚು ಕೆಳಗೆ ಇಳಿದಿಲ್ಲ.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಲೆಕ್ಕಕ್ಕೆ ಬರುತ್ತೇನೆ. ಇದನ್ನು ದಯವಿಟ್ಟು ನಿಧಾನವಾಗಿ ಓದಿ.

ಇಪ್ಪತ್ತೈದರ ಆಸುಪಾಸಿನಲ್ಲಿ ನಮ್ಮ ಉಸಿರು ತುತ್ತತುದಿಯಲ್ಲಿರುತ್ತದೆ. ಆಮೇಲೆ ಎಲ್ಲರಿಗೂ ವರ್ಷ ವರ್ಷ ಸ್ವಲ್ಪ ಇಳಿಯುತ್ತದೆ. ಸೇದುವವರಿಗೆ ಬೇಗ ಇಳಿಯುತ್ತದೆ. ಲಂಡನ್ನಿನ ಕೆಲಸಗಾರರನ್ನು 1961ರಿಂದ ಎಂಟು ವರ್ಷ ಹಿಂಬಾಲಿಸಿ ಚಾರ್ಲ್ಸ್ ಫ್ಲೆಚರ್ ಮತ್ತು ರಿಚರ್ಡ್ ಪೀಟೋ ಇದನ್ನು ತೋರಿಸಿಕೊಟ್ಟರು. 1977ರಲ್ಲಿ ಅವರು ಬರೆದದ್ದರ ಸಾರ ಇಷ್ಟು: ಹೋದ ಉಸಿರು ಬರುವುದಿಲ್ಲ, ಆದರೆ ಬಿಟ್ಟ ಮೇಲೆ ಇಳಿಯುವ ವೇಗ ಸೇದದವರ ವೇಗಕ್ಕೆ ಬರುತ್ತದೆ. ಆಮೇಲೆ ಅಮೆರಿಕ ಮತ್ತು ಕೆನಡಾದಲ್ಲಿ, ಆಗಲೇ ಸ್ವಲ್ಪ ಹಾನಿಯಾಗಿದ್ದ 5,887 ಮಧ್ಯವಯಸ್ಸಿನ ಸೇದುವವರ ಮೇಲೆ ದೊಡ್ಡ ಅಧ್ಯಯನ ನಡೆಯಿತು. 11 ವರ್ಷದ ನಂತರ ನೋಡಿದರೆ, ಸೇದುತ್ತಲೇ ಇದ್ದ ಗಂಡಸರು ಮೊದಲ ಸೆಕೆಂಡಿನ ಉಸಿರಿನಲ್ಲಿ ವರ್ಷಕ್ಕೆ ಸುಮಾರು 66 ಮಿಲಿಲೀಟರ್ ಕಳೆದುಕೊಂಡಿದ್ದರು. ಶುರುವಿನಲ್ಲೇ ಬಿಟ್ಟವರು ಸುಮಾರು 30. ಹೆಂಗಸರಲ್ಲಿ ಸೇದುತ್ತಿದ್ದವರಿಗೆ 54, ಬಿಟ್ಟವರಿಗೆ 22ರ ಹತ್ತಿರ.

ವರ್ಷಕ್ಕೆ 36 ಮಿಲಿಲೀಟರ್ ವ್ಯತ್ಯಾಸ ಅಂದರೆ ಏನೂ ಅಲ್ಲ ಅನ್ನಿಸಬಹುದು. ಎರಡು ದೊಡ್ಡ ಚಮಚದಷ್ಟು. ಆದರೆ 40ರ ಒಬ್ಬ ಮನುಷ್ಯ 60ಕ್ಕೆ ಬರುವಾಗ ಅದು 700 ಮಿಲಿಲೀಟರ್ ದಾಟುತ್ತದೆ. ನಮ್ಮ ಕಡೆಯ ಸಾಧಾರಣ ಎತ್ತರದ ಗಂಡಸಿನ ಮೊದಲ ಸೆಕೆಂಡಿನ ಉಸಿರು ಅವನ ಒಳ್ಳೆಯ ಕಾಲದಲ್ಲೇ ಮೂರು ಲೀಟರಿನ ಆಸುಪಾಸು ಇರುತ್ತದೆ. ಅದರಲ್ಲಿ ಮುಕ್ಕಾಲು ಲೀಟರ್ ಹೋದರೆ ಏನು ಉಳಿಯಿತು? ಅರವತ್ತಕ್ಕೆ ಹೊಲಕ್ಕೆ ನಡೆದು ಹೋಗುವವನಿಗೂ, ಬಚ್ಚಲಿಗೆ ಹೋಗಿ ಬರಲು ಎರಡು ಕಡೆ ಕೂರುವವನಿಗೂ ಇರುವ ವ್ಯತ್ಯಾಸ ಇಷ್ಟೇ.

ಅದೇ ಅಧ್ಯಯನದ ಇನ್ನೊಂದು ವಿಷಯ ಇಲಾಖೆಯ ಔಷಧಿ ಖರೀದಿಗೆ ಸಂಬಂಧಿಸಿದ್ದು. ಕೆಲವರಿಗೆ ಕೊಳವೆ ಹಿಗ್ಗಿಸುವ ಪಂಪ್ ಕೂಡ ಕೊಟ್ಟಿದ್ದರು. ಪಂಪ್ ಹಾಕುತ್ತಿದ್ದಾಗ ಉಸಿರು ಸ್ವಲ್ಪ ಸರಾಗವಾಯಿತು. ಆದರೆ ವರ್ಷ ವರ್ಷದ ಇಳಿಕೆ ನಿಧಾನವಾಗಲಿಲ್ಲ. ನಿಧಾನ ಮಾಡಿದ್ದು ಸೇದುವುದನ್ನು ಬಿಟ್ಟದ್ದೇ. ಹಾಗಂತ ಪಂಪ್ ಬೇಡ ಅಂತ ಯಾರೂ ತಿಳಿಯಬಾರದು. ಕಾಯಿಲೆ ಇರುವವರಿಗೆ ಅದು ಉಸಿರಾಡಲು ನೆಮ್ಮದಿ ಕೊಡುತ್ತದೆ, ಪದೇ ಪದೇ ಆಸ್ಪತ್ರೆ ಸೇರುವುದನ್ನು ತಪ್ಪಿಸುತ್ತದೆ. "ಪಂಪ್ ಹಿಡಿದ್ರೆ ಬಿಡೋಕಾಗಲ್ಲ" ಅನ್ನುವ ಭಯದಿಂದ ಅದನ್ನು ಮೂಲೆಗೆ ಎಸೆದು, ಬೀಡಿಯನ್ನು ಮಾತ್ರ ಜೇಬಿನಲ್ಲಿ ಇಟ್ಟುಕೊಳ್ಳುವವರನ್ನು ನಾನು ದಿನಾ ನೋಡುತ್ತೇನೆ. ಅವರಿಗೆ ನನ್ನ ವಿನಂತಿ, ಪಂಪ್ ಬಿಡಬೇಡಿ, ಬೀಡಿ ಬಿಡಿ.

ಹಾಗಾದರೆ 60ಕ್ಕೆ ಊದಿಸುವುದಕ್ಕಿಂತ 40ಕ್ಕೆ ಊದಿಸಿದರೆ ಉಳಿಸಲು ಎಷ್ಟೋ ಇರುತ್ತದೆ ಅಲ್ವಾ? ನಾನು ಹೇಳುವುದು ಇಷ್ಟೇ. ಆದರೆ ಇದಕ್ಕೆ ಆಕ್ಷೇಪ ಇದೆ. ನಿಮ್ಮ ಅಧಿಕಾರಿಗಳು ಅದನ್ನು ನಿಮ್ಮ ಮುಂದೆ ಇಡುತ್ತಾರೆ, ಇಡಬೇಕು ಕೂಡ. ಅಮೆರಿಕದ ರೋಗತಡೆ ತಜ್ಞರ ಸಮಿತಿ 2022ರಲ್ಲೂ ತನ್ನ ಹಳೆಯ ಮಾತನ್ನೇ ಹೇಳಿದೆ: ಯಾವ ಲಕ್ಷಣವೂ ಇಲ್ಲದ ವಯಸ್ಕರಿಗೆ ಸಿಒಪಿಡಿ ತಪಾಸಣೆ ಬೇಡ. ಕಾರಣ, ಮೊದಲೇ ಪತ್ತೆಯಾದರೂ ಔಷಧಿಯಿಂದ ಅಂಥ ಲಾಭ ಕಾಣಲಿಲ್ಲ. ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಊರಿನ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಊದಿಸಿ ಅಂತ ನಾನೂ ಕೇಳುತ್ತಿಲ್ಲ. ಸೇದುವವರನ್ನು ಮಾತ್ರ ಊದಿಸಿ ಅಂತ ಕೇಳುತ್ತಿದ್ದೇನೆ. ಅವರಲ್ಲಿ ಲಕ್ಷಣ ಇಲ್ಲ ಅನ್ನುವುದು ನಮ್ಮಲ್ಲಿ ಬಹಳ ಸಲ ಸುಳ್ಳು. ಕೆಮ್ಮು ಇದೆ, ಅದಕ್ಕೆ ಬೀಡಿ ಕೆಮ್ಮು ಅಂತ ಹೆಸರು. ಏದುಸಿರು ಇದೆ, ಅದಕ್ಕೆ ವಯಸ್ಸಾಯಿತು ಅಂತ ಹೆಸರು. ಮೊದಲು ಮೂರು ಮೂಟೆ ಹೊರುತ್ತಿದ್ದವನು ಈಗ ಒಂದು ಹೊತ್ತು ಕೂರುತ್ತಾನೆ, ಅದಕ್ಕೆ ಸೋಮಾರಿತನ ಅಂತ ಮನೆಯವರೇ ಹೆಸರಿಡುತ್ತಾರೆ.

ಇನ್ನೊಂದು ಭಯವೂ ಇದೆ. ಊದಿಸಿ ಎಲ್ಲ ಸರಿಯಾಗಿದೆ ಅಂದರೆ ಆ ಮನುಷ್ಯ ಧೈರ್ಯವಾಗಿ ಇನ್ನೂ ಸೇದುತ್ತಾನಲ್ಲ? ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್‌ನಿಂದ ಬಂದಿದೆ. ಅಲ್ಲಿ 561 ಸೇದುವವರನ್ನು ಊದಿಸಿದರು. ಅರ್ಧ ಜನರಿಗೆ ಬರೀ ಲೀಟರ್ ಲೆಕ್ಕ ಕೊಟ್ಟರು. ಉಳಿದವರಿಗೆ "ನಿಮ್ಮ ಶ್ವಾಸಕೋಶದ ವಯಸ್ಸು ಇಷ್ಟು" ಅಂತ ಹೇಳಿದರು. ಅಂದರೆ, ನಿಮ್ಮಷ್ಟೇ ಉಸಿರು ಇರುವ, ಸೇದದ ಮನುಷ್ಯನ ವಯಸ್ಸು ಎಷ್ಟಿರುತ್ತದೋ ಅದು. ಒಂದು ವರ್ಷದ ನಂತರ ನೋಡಿದರೆ ಬರೀ ಲೆಕ್ಕ ಕೇಳಿದವರಲ್ಲಿ ನೂರಕ್ಕೆ 6.4 ಜನ ಬಿಟ್ಟಿದ್ದರು. ವಯಸ್ಸು ಕೇಳಿದವರಲ್ಲಿ 13.6. ಎರಡರಷ್ಟು! ಶ್ವಾಸಕೋಶ ಚೆನ್ನಾಗಿದೆ ಅಂತ ಕೇಳಿಸಿಕೊಂಡವರೂ ಬಿಟ್ಟಿದ್ದರು. ಉಳಿಸಿಕೊಳ್ಳಲು ಏನೋ ಇದೆ ಅಂತ ಅವರಿಗೆ ಅನಿಸಿರಬೇಕು. 2008ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಹೊಸ ಮಾತ್ರೆ ಇರಲಿಲ್ಲ, ಹೊಸ ಯಂತ್ರ ಇರಲಿಲ್ಲ. ಹೇಳುವ ರೀತಿ ಮಾತ್ರ ಬೇರೆ ಇತ್ತು.

ಇದನ್ನು ನಾನು ನನ್ನ ಕೋಣೆಯಲ್ಲೂ ಕಂಡಿದ್ದೇನೆ. ನಮ್ಮ ಯಂತ್ರದಿಂದ ಬರುವ ಚೀಟಿ ಪೂರ್ತಿ ಇಂಗ್ಲಿಷಿನಲ್ಲಿ ಇರುತ್ತದೆ. ಗೆರೆ, ಅಂಕಿ, ಶೇಕಡಾ. ರೋಗಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಮಡಚಿ ಜೇಬಿಗೆ ಹಾಕುತ್ತಾರೆ. "ಅಣ್ಣಾ, ನಿಮಗೆ ನಲವತ್ತೆಂಟು. ನಿಮ್ಮ ಶ್ವಾಸಕೋಶಕ್ಕೆ ಎಪ್ಪತ್ತು" ಅಂದಾಗ ಮಾತ್ರ ಅವರ ಮುಖ ಬದಲಾಗುತ್ತದೆ. ಜೊತೆಗೆ ಬಂದ ಹೆಂಡತಿ ಇನ್ನೊಂದು ಸಲ ಹೇಳಿಸುತ್ತಾರೆ. ಹಾಗಾಗಿ ಚೀಟಿಯ ಕೆಳಗೆ ಒಂದು ಸಾಲು ಕನ್ನಡದಲ್ಲಿ ಈ ವಯಸ್ಸನ್ನು ಬರೆದು ಕೊಡುವ ನಿಯಮ ಮಾಡಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಸೇದುವವರನ್ನು ಹುಡುಕುವುದು ಹೇಗೆ ಅನ್ನುವ ಚಿಂತೆಯೂ ನಿಮಗೆ ಬೇಡ. ಅದನ್ನು ಆಶಾ ಕಾರ್ಯಕರ್ತೆಯರು ಈಗಾಗಲೇ ಮಾಡುತ್ತಿದ್ದಾರೆ. 30 ದಾಟಿದವರ ಮನೆಗೆ ಹೋಗಿ ತುಂಬುವ ಅಪಾಯ ಪರಿಶೀಲನೆ ಫಾರಂನಲ್ಲಿ ಬೀಡಿ ಸಿಗರೇಟಿನ ಪ್ರಶ್ನೆ ಇದೆ. ಉಸಿರಾಟದ ತೊಂದರೆಯ ಪ್ರಶ್ನೆ ಇದೆ. ಅಡುಗೆಗೆ ಸೌದೆಯೋ ಗ್ಯಾಸೋ ಅಂತಲೂ ಕೇಳುತ್ತದೆ, ಇಟ್ಟಿಗೆ ಗೂಡಿನಂಥ ಜಾಗದಲ್ಲಿ ಕೆಲಸವೇ ಅಂತಲೂ ಕೇಳುತ್ತದೆ. ಕೇಂದ್ರದ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮದಲ್ಲೂ ಈಗ ಸಿಒಪಿಡಿ ಸೇರಿದೆ. ನಮ್ಮದೇ ರಾಜ್ಯದ ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಮನೆ ಮನೆಗೆ ಹೋಗುತ್ತಿದ್ದಾರೆ. ಅಂದರೆ ಪ್ರಶ್ನೆ ಕೇಳಿಯಾಗಿದೆ, ಉತ್ತರ ಬರೆದುಕೊಂಡಾಗಿದೆ. ಮುಂದಿನ ಹೆಜ್ಜೆ ಇಲ್ಲ. ಸಕ್ಕರೆ ಜಾಸ್ತಿ ಇದ್ದವರಿಗೆ ಮಾತ್ರೆ ಸಿಗುತ್ತದೆ. "ಹೌದು, ಸೇದುತ್ತೇನೆ, ದಮ್ಮು ಬರುತ್ತದೆ" ಅಂದವರ ಉತ್ತರ ಫಾರಂನಲ್ಲೇ ಉಳಿಯುತ್ತದೆ. ಆ "ಹೌದು" ಅಂದ ಜಾಗದಲ್ಲಿ, ತಾಲೂಕು ಆಸ್ಪತ್ರೆಗೆ ಊದಲು ಬರುವ ದಿನ ಬರೆದ ಒಂದು ಚೀಟಿ ಹರಿದು ಕೊಡುವಂತೆ ಮಾಡಿ. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಊದುವ ವೇಗ ಅಳೆಯುವ ಪೀಕ್ ಫ್ಲೋ ಮೀಟರ್ ಕೊಟ್ಟರೂ ಸಾಕು. ಕೆಲವು ನೂರು ರೂಪಾಯಿಯ ಪ್ಲಾಸ್ಟಿಕ್ ಕೊಳವೆ ಅದು, ಕರೆಂಟೂ ಬೇಡ. ಅದರಿಂದ ಕಾಯಿಲೆ ತೀರ್ಮಾನ ಮಾಡಲು ಆಗುವುದಿಲ್ಲ. ಆದರೆ ಯಾರನ್ನು ಮೊದಲು ತಾಲೂಕಿಗೆ ಕಳಿಸಬೇಕು ಅನ್ನುವುದು ಗೊತ್ತಾಗುತ್ತದೆ.

ಯಂತ್ರ ಕೊಳ್ಳುವುದು ಸುಲಭದ ಭಾಗ. ಒಂದು ತಾಲೂಕು ಆಸ್ಪತ್ರೆಗೆ ತರಬೇತಿ ಕೊಡಲು ಹೋದಾಗ ಸ್ಪೈರೋಮೀಟರ್ ಬೀರುವಿನಲ್ಲಿ ಪ್ಲಾಸ್ಟಿಕ್ ಕವರ್ ಸಮೇತ ಇದ್ದದ್ದನ್ನು ನೋಡಿದೆ. ಬಾಯಿಗೆ ಇಡುವ ಕೊಳವೆ, ಫಿಲ್ಟರ್ ಮುಗಿದಿದ್ದವು, ಮತ್ತೆ ತರಿಸಲು ಯಾರ ತಲೆ ಮೇಲೂ ಜವಾಬ್ದಾರಿ ಇರಲಿಲ್ಲ. ಊದಿಸಲು ಬರುತ್ತಿದ್ದ ಒಬ್ಬರೇ ನರ್ಸ್ ವರ್ಗವಾಗಿ ಹೋಗಿದ್ದರು. ಅಲ್ಲಿನವರನ್ನು ನಾನು ದೂರುವುದಿಲ್ಲ. ಹೆರಿಗೆ, ಅಪಘಾತ, ಜ್ವರ ಎಲ್ಲ ಅವರ ಮೇಲೇ ಇದೆ. ಆದರೆ ಈ ಪರೀಕ್ಷೆ ಬಟನ್ ಒತ್ತಿದರೆ ತಾನಾಗಿ ಆಗುವಂಥದ್ದಲ್ಲ. ಊದುವವರ ಶ್ರಮ ಬೇಕು, ಊದಿಸುವವರ ಒತ್ತಾಯ ಬೇಕು. ಅರ್ಧಂಬರ್ಧ ಊದಿದರೆ ಚೆನ್ನಾಗಿರುವವರಿಗೂ ಕಾಯಿಲೆ ಅಂತ ಬರುತ್ತದೆ. ಒಂದಕ್ಕೊಂದು ಹೊಂದುವ ಮೂರು ಒಳ್ಳೆಯ ಊದು ಸಿಗುವವರೆಗೆ ಬಿಡಬಾರದು. 3 ಲೀಟರಿನ ಸಿರಿಂಜಿನಿಂದ ಯಂತ್ರ ಸರಿಯಾಗಿ ಅಳೆಯುತ್ತಿದೆಯೇ ಅಂತ ಪರೀಕ್ಷಿಸಬೇಕು. ಇತ್ತೀಚೆಗೆ ಹೃದಯಾಘಾತ ಆದವರನ್ನು, ಕಣ್ಣಿನ ಆಪರೇಷನ್ ಆದವರನ್ನು ಊದಿಸಬಾರದು. ಕ್ಷಯದ ಅನುಮಾನ ಇದ್ದರೆ ಮೊದಲು ಕಫ ಪರೀಕ್ಷೆ ಆಗಬೇಕು. ಇದನ್ನೆಲ್ಲ ಕಲಿಸಬೇಕು, ಕಲಿತವರನ್ನು ಅಲ್ಲೇ ಉಳಿಸಿಕೊಳ್ಳಬೇಕು. ಹೊಸ ಹುದ್ದೆ ಬೇಡ. ಪ್ರತಿ ತಾಲೂಕಿನಿಂದ ಇಬ್ಬರು ನರ್ಸ್ ಅಥವಾ ಲ್ಯಾಬ್ ತಂತ್ರಜ್ಞರಿಗೆ ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯಲ್ಲಿ, ಮೆಡಿಕಲ್ ಕಾಲೇಜುಗಳ ಎದೆರೋಗ ವಿಭಾಗಗಳಲ್ಲಿ ಕಲಿಸಬಹುದು. ಇಬ್ಬರು ಅಂದದ್ದು, ಒಬ್ಬರು ವರ್ಗವಾದರೂ ಕೋಣೆಗೆ ಬೀಗ ಬೀಳದಿರಲಿ ಅಂತ.

ಇನ್ನು ಬಿಡಿಸುವ ಮಾತು. "ಮನಸ್ಸು ಗಟ್ಟಿ ಮಾಡಿ ಬಿಟ್ಬಿಡಿ" ಅಂತ ಹೇಳಿ ಕಳಿಸುವುದು ಚಿಕಿತ್ಸೆ ಅಲ್ಲ. ನಿಕೋಟಿನ್ ಮನಸ್ಸಿನ ದೌರ್ಬಲ್ಯ ಅಲ್ಲ, ಮಿದುಳು ಹಿಡಿದ ಚಟ. ಬಿಟ್ಟ ಮೊದಲ ದಿನಗಳಲ್ಲಿ ಸಿಟ್ಟು, ನಿದ್ದೆಗೇಡು, ಚಡಪಡಿಕೆ ಬರುತ್ತದೆ. ನಿಕೋಟಿನ್ ಚ್ಯೂಯಿಂಗ್ ಗಮ್ ಈ ಹೊತ್ತಿನಲ್ಲಿ ಕೈ ಹಿಡಿಯುತ್ತದೆ. 2022ರ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ನಿಕೋಟಿನ್ ಬದಲಿ ಚಿಕಿತ್ಸೆ ಸೇರಿದೆ. ಆದರೆ ನನ್ನ ಹತ್ತಿರ ಬರುವವರು ಅದನ್ನು ಮೆಡಿಕಲ್ ಶಾಪಿನಲ್ಲಿ ದುಡ್ಡು ಕೊಟ್ಟೇ ಕೊಳ್ಳಬೇಕು. ಕೂಲಿಯವರಿಗೆ ಅದಕ್ಕಿಂತ ಬೀಡಿ ಕಟ್ಟು ಅಗ್ಗ. ಬಿಡಲು ಹೊರಟವನಿಗೆ ಬಿಡುವುದೇ ದುಬಾರಿಯಾದರೆ ಹೇಗೆ? ಬಿಪಿ ಮಾತ್ರೆಯ ಹಾಗೆ ಈ ಗಮ್ ಕೂಡ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗಲಿ. ಅದನ್ನು ಎಲೆ ಅಡಿಕೆಯ ಹಾಗೆ ಒಂದೇ ಸಮನೆ ಜಗಿಯಬಾರದು, ಸ್ವಲ್ಪ ಜಗಿದು ಕೆನ್ನೆಯ ಪಕ್ಕ ಇಟ್ಟುಕೊಳ್ಳಬೇಕು ಅಂತ ಹೇಳಿಕೊಡಬೇಕು. ಇಲ್ಲದಿದ್ದರೆ ಹೊಟ್ಟೆ ತೊಳಸಿ, ಒಂದೇ ದಿನಕ್ಕೆ ಬಿಸಾಡುತ್ತಾರೆ. ಬೀಡಿ ಬಿಟ್ಟು ಗುಟ್ಕಾ ಹಿಡಿಯುವುದು ಬಿಟ್ಟಂತೆ ಅಲ್ಲ ಅನ್ನುವುದನ್ನೂ ಅವರಿಗೆ ಹೇಳಬೇಕು. ಹಾಗೆಯೇ "ಕಮ್ಮಿ ಮಾಡಿದೀನಿ, ದಿನಕ್ಕೆ ನಾಲ್ಕೇ" ಅನ್ನುವ ಸಮಾಧಾನವನ್ನೂ ಕೈಬಿಡಿಸಬೇಕು. ದಿನಕ್ಕೆ ಐದಕ್ಕಿಂತ ಕಡಿಮೆ ಸೇದುವವರಲ್ಲೂ ಉಸಿರು ಸೇದದವರಿಗಿಂತ ಬೇಗ ಇಳಿಯುತ್ತದೆ ಅಂತ 2020ರಲ್ಲಿ ಬಂದ ಅಮೆರಿಕದ ದೊಡ್ಡ ಅಧ್ಯಯನ ಹೇಳಿದೆ.

ಬೀಡಿಯನ್ನು ನಾನು ಬೇರೆಯಾಗಿಯೇ ಹೇಳಬೇಕು. ಸಣ್ಣದು, ಎಲೆಯಲ್ಲಿ ಸುತ್ತಿದ್ದು, ಹಾಗಾಗಿ ಸಿಗರೇಟಿನಷ್ಟು ಕೆಟ್ಟದ್ದಲ್ಲ ಅನ್ನುವ ನಂಬಿಕೆ ಹಳ್ಳಿಗಳಲ್ಲಿ ಬೇರೂರಿದೆ. ಬೀಡಿಯಲ್ಲಿ ಹೊಗೆಸೊಪ್ಪು ಕಡಿಮೆ, ನಿಜ. ಆದರೆ ಆ ಎಲೆಯಲ್ಲಿ ಗಾಳಿ ಆಡುವುದಿಲ್ಲ. ಆರದ ಹಾಗೆ ಇಡಬೇಕಾದರೆ ಪದೇ ಪದೇ, ಜೋರಾಗಿ ದಮ್ಮು ಎಳೆಯಬೇಕು. ಫಿಲ್ಟರ್ ಇಲ್ಲ. ಟಾರು, ಕಾರ್ಬನ್ ಮೊನಾಕ್ಸೈಡು ಸಿಗರೇಟಿಗಿಂತ ಕಡಿಮೆ ಏನೂ ಒಳಗೆ ಹೋಗುವುದಿಲ್ಲ. 2008ರಲ್ಲಿ ಪ್ರಕಟವಾದ ನಮ್ಮ ದೇಶದ್ದೇ ದೊಡ್ಡ ಅಧ್ಯಯನದ ಪ್ರಕಾರ ಬೀಡಿ ಸೇದುವ ಗಂಡಸರು ಸುಮಾರು 6 ವರ್ಷ, ಬೀಡಿ ಸೇದುವ ಹೆಂಗಸರು ಸುಮಾರು 8 ವರ್ಷ ಆಯಸ್ಸು ಕಳೆದುಕೊಳ್ಳುತ್ತಾರೆ. ಹೀಗಿರುವಾಗ 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಬೀಡಿಯ ಮೇಲಿನ ತೆರಿಗೆಯನ್ನು ಶೇ 28ರಿಂದ 18ಕ್ಕೆ ಇಳಿಸುವ ತೀರ್ಮಾನ ಮಾಡಿತು. ಅದು ನಿಮ್ಮ ಇಲಾಖೆಯ ಕೈಯಲ್ಲಿ ಇರುವ ವಿಷಯ ಅಲ್ಲ. ಆದರೆ ಆ ಮಂಡಳಿಯಲ್ಲಿ ನಮ್ಮ ರಾಜ್ಯಕ್ಕೂ ಒಂದು ಕುರ್ಚಿ ಇದೆ. ಅಲ್ಲಿ ಕೂರುವವರಿಗೆ ಎದೆರೋಗ ವಾರ್ಡಿನ ಲೆಕ್ಕವನ್ನು ನೀವು ಕೊಡಬಹುದು.

ನಿಮ್ಮ ಕೈಯಲ್ಲೇ ಇರುವುದು ಬಿಡಿ ಮಾರಾಟ. ಬೀಡಿ, ಸಿಗರೇಟು ಒಂದೊಂದಾಗಿ ಮಾರಬಾರದು ಅಂತ ಕರ್ನಾಟಕ 2017ರಲ್ಲೇ ಹೇಳಿತು. ಆಮೇಲೆ ಕಾಯ್ದೆಗೆ ತಿದ್ದುಪಡಿ ತಂದು, 2025ರಲ್ಲಿ ರಾಷ್ಟ್ರಪತಿಗಳ ಅಂಕಿತವೂ ಸಿಕ್ಕಿ, ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಏರಿದೆ. ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ 200ರಿಂದ 1,000 ರೂಪಾಯಿಗೆ ಏರಿದೆ. ಇದಕ್ಕಾಗಿ ಸರ್ಕಾರಕ್ಕೆ ಮನಸಾರೆ ಕೃತಜ್ಞತೆ. 21 ಅನ್ನುವುದು ಸುಮ್ನೆ ಬಂದ ಅಂಕಿ ಅಲ್ಲ. ಹುಡುಗರ ಶ್ವಾಸಕೋಶ ಇಪ್ಪತ್ತರ ನಂತರವೂ ಬೆಳೆಯುತ್ತಿರುತ್ತದೆ. 15ಕ್ಕೆ ಸೇದಲು ಶುರು ಮಾಡಿದವನ ಉಸಿರು ಬರಬೇಕಾದ ಎತ್ತರಕ್ಕೆ ಬರುವುದೇ ಇಲ್ಲ, ಇಳಿಯುವುದು ಮಾತ್ರ ಬೇಗ ಶುರುವಾಗುತ್ತದೆ. ಆದರೆ ಟೀ ಅಂಗಡಿಯ ಮುಂದೆ ಇವತ್ತಿಗೂ ಒಂದು ಟೀ, ಒಂದು ಸಿಗರೇಟು ಅಂತಲೇ ವ್ಯಾಪಾರ ನಡೆಯುತ್ತಿದೆ. 2018ರಿಂದ ಪ್ಯಾಕಿನ ಮೇಲೆ ಚಟ ಬಿಡಿಸುವ ಸಹಾಯವಾಣಿಯ ನಂಬರ್ ಅಚ್ಚಾಗುತ್ತಿದೆ. ಒಂದೊಂದೇ ಕೊಳ್ಳುವವರು ಆ ಪ್ಯಾಕನ್ನು ನೋಡುವುದೇ ಇಲ್ಲ. ಎಚ್ಚರಿಕೆಯ ಚಿತ್ರವೂ ಅಂಗಡಿಯವನ ಹತ್ತಿರವೇ ಉಳಿಯುತ್ತದೆ. ಬಿಡಿ ಮಾರಾಟ ನಿಲ್ಲದೆ ಪ್ಯಾಕಿನ ಮೇಲೆ ಏನು ಅಚ್ಚು ಹಾಕಿದರೂ ಅದು ಮುಟ್ಟಬೇಕಾದವರನ್ನು ಮುಟ್ಟುವುದಿಲ್ಲ.

ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪು ಬೆಳೆಗಾರರ ಮೇಲೆ, ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟಿ ಸಂಸಾರ ನಡೆಸುವ ಅಕ್ಕಂದಿರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಅವರಿಗೆ ಬೇರೆ ದಾರಿ ಮಾಡಿಕೊಡುವುದು ಸರ್ಕಾರದ ಇನ್ನೊಂದು ದೊಡ್ಡ ಕೆಲಸ. ಬೀಡಿ ಕಟ್ಟುವವರನ್ನೂ ಊದಿಸಿ ನೋಡಬೇಕು, ಅವರು ದಿನವಿಡೀ ಆ ಧೂಳಿನಲ್ಲೇ ಕೂರುತ್ತಾರೆ.

ಎಲ್ಲ ದಮ್ಮಿಗೂ ಬೀಡಿಯೇ ಕಾರಣ ಅಂತಲೂ ನಾನು ಹೇಳುವುದಿಲ್ಲ. 2016ರ ಅಂದಾಜಿನಂತೆ ದೇಶದಲ್ಲಿ 5.5 ಕೋಟಿ ಜನರಿಗೆ ಸಿಒಪಿಡಿ ಇತ್ತು. ಆ ಹೊರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಗಾಳಿ ಮಾಲಿನ್ಯದ್ದು, ಕಾಲು ಭಾಗ ತಂಬಾಕಿನದ್ದು. ಜೀವನದಲ್ಲಿ ಒಂದೂ ಬೀಡಿ ಮುಟ್ಟದೆ, ಸೌದೆ ಒಲೆಯ ಮುಂದೆ ಕೂತು ಶ್ವಾಸಕೋಶ ಸವೆಸಿದ ತಾಯಂದಿರನ್ನು ನಾನು ಬಹಳ ಊದಿಸಿದ್ದೇನೆ. ಅವರಲ್ಲಿ ಕೆಲವರಿಗೆ ಒಲೆಯ ಹೊಗೆಯ ಜೊತೆ ಗಂಡನ ಬೀಡಿ ಹೊಗೆಯೂ ಸೇರಿರುತ್ತದೆ. ಕ್ಷಯ ವಾಸಿಯಾದ ಮೇಲೂ ಉಸಿರು ಪೂರ್ತಿ ವಾಪಸ್ ಬಾರದವರು ಇದ್ದಾರೆ. ಅವರಲ್ಲಿ ಸೇದುವವರಿಗೆ ಕಷ್ಟ ಇನ್ನೂ ಜಾಸ್ತಿ. ತಾಲೂಕಿನಲ್ಲಿ ಒಂದು ಸಲ ಊದಿಸುವ ಕೋಣೆ ತೆರೆದರೆ ಅದು ಇವರಿಗೂ ತೆರೆದಿರುತ್ತದೆ. ಸೇದುವವರಿಂದ ಶುರು ಮಾಡಿ ಅಂತ ನಾನು ಹೇಳುವುದಕ್ಕೆ ಕಾರಣ ಇಷ್ಟೇ. ಅವರ ಹೊಗೆಯನ್ನು ಅವರೇ ಇವತ್ತು ನಿಲ್ಲಿಸಬಹುದು, ನಿಲ್ಲಿಸಿದ ಲಾಭ ಮುಂದಿನ ಸಲ ಊದಿದಾಗ ಚೀಟಿಯಲ್ಲೇ ಕಾಣುತ್ತದೆ. ಆ ಅಮೆರಿಕ, ಕೆನಡಾದ ಅಧ್ಯಯನದಲ್ಲಿ ಬಿಟ್ಟವರ ಉಸಿರು ಮೊದಲ ವರ್ಷ ಇಳಿಯುವ ಬದಲು ತುಸು ಏರಿತ್ತು.

2016-17ರ ಸಮೀಕ್ಷೆಯಂತೆ ನಮ್ಮ ರಾಜ್ಯದ ವಯಸ್ಕರಲ್ಲಿ ನೂರಕ್ಕೆ ಸುಮಾರು 9 ಜನ ಸೇದುತ್ತಾರೆ. ಇವರಲ್ಲಿ 40 ದಾಟಿದವರನ್ನು ಐದು ವರ್ಷದಲ್ಲಿ ಒಂದು ಸಲವಾದರೂ ಊದಿಸುವುದು ಆಗದ ಕೆಲಸ ಅಲ್ಲ. ಮುಂದಿನ ಬಜೆಟ್ಟಿನಲ್ಲಿ ನಾಲ್ಕು ಜಿಲ್ಲೆಗಳಲ್ಲಿ ಶುರು ಮಾಡಿ. ಎಷ್ಟು ಜನ ಊದಿದರು, ಎಷ್ಟು ಜನರಿಗೆ ಅದೇ ದಿನ ಗಮ್ ಸಿಕ್ಕಿತು, ವರ್ಷದ ನಂತರ ಎಷ್ಟು ಜನ ಬಿಟ್ಟಿದ್ದಾರೆ, ಈ ಮೂರು ಲೆಕ್ಕವನ್ನು ಜನರ ಮುಂದೆ ಇಡಿ. ಕಲಿಸಲು ನಮ್ಮಂಥ ತಂತ್ರಜ್ಞರು ಪ್ರತಿ ಮೆಡಿಕಲ್ ಕಾಲೇಜಿನಲ್ಲೂ ಇದ್ದೇವೆ. ಯಾವ ತಾಲೂಕಿಗೆ ಹೋಗು ಅಂದರೂ ನಾನು ಹೋಗುತ್ತೇನೆ.

ಈ ಪತ್ರವನ್ನು ಸೇದುವವರೋ ಅವರ ಮನೆಯವರೋ ಓದುತ್ತಿದ್ದರೆ, ಸರ್ಕಾರ ಮಾಡುವವರೆಗೆ ಕಾಯಬೇಡಿ. 1800-11-2356 ಉಚಿತ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದ ಮೂಲಕ ಕನ್ನಡದಲ್ಲೇ ಮಾತಾಡುತ್ತಾರೆ. ಹತ್ತಿರದ ಮೆಡಿಕಲ್ ಕಾಲೇಜು ಆಸ್ಪತ್ರೆಯ ಎದೆರೋಗ ವಿಭಾಗಕ್ಕೆ ಹೋಗಿ, "ನಾನು ಸೇದುತ್ತೇನೆ, ಒಂದು ಸಲ ಊದಿಸಿ ನೋಡಿ" ಅಂತ ನೀವೇ ಬಾಯಿಬಿಟ್ಟು ಕೇಳಿ. ಚೀಟಿ ಬಂದ ಮೇಲೆ ಶ್ವಾಸಕೋಶದ ವಯಸ್ಸು ಎಷ್ಟು ಅಂತ ಕೇಳದೆ ಎದ್ದು ಬರಬೇಡಿ.

ಗೌರವದಿಂದ,
ಸರ್ಕಾರಿ ಆಸ್ಪತ್ರೆಯೊಂದರ ಎದೆರೋಗ ವಿಭಾಗದ ತಂತ್ರಜ್ಞೆ